ಬಿಚ್ಚಿದ ಚೀನೀ ಗಂಟು ಮತ್ತೆ ಕಟ್ಟೋಕೆ ಆಗ್ತಿಲ್ಲ, ಕಿವಿಗಳು ಸಮ ಬರ್ತಾನೇ ಇಲ್ಲ

ಹಸಿರುಬಳೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾರಿನ ಕನ್ನಡಿಗೆ ಒಂದು ಕೆಂಪು ಚೀನೀ ಗಂಟು (ದಾರದಲ್ಲಿ ಹೆಣೆದು ಕೆಳಗೆ ಕುಚ್ಚು ಬಿಟ್ಟಿರೋ ಅಲಂಕಾರದ ಗಂಟು) ನೇತುಹಾಕಿದ್ದೆವು, ನಮ್ಮ ಯಜಮಾನರು ಕೆಲಸದ ಮೇಲೆ ಶೆನ್‌ಜೆನ್‌ಗೆ ಹೋಗಿದ್ದಾಗ ತಂದಿದ್ದು. ಬಿಸಿಲಿಗೆ ಬಣ್ಣ ಹೋಯಿತು, ಕುಚ್ಚೂ ಉದುರೋಕೆ ಶುರುವಾಯಿತು. ಎಸೆಯೋ ಬದಲು ಒಳಗೆ ಹೇಗಿದೆ ನೋಡೋಣ ಅಂತ ಒಂದು ಭಾನುವಾರ ಕೂತು ಬಿಚ್ಚಿದೆ. ಅಲ್ಲೇ ಎಡವಟ್ಟಾಗಿದ್ದು. ಐದಾರು ದಾರ ಸೇರಿಸಿ ಹೆಣೆದಿರಬೇಕು ಅಂದುಕೊಂಡಿದ್ದೆ, ಬಿಚ್ಚುತ್ತಾ ಬಿಚ್ಚುತ್ತಾ ಕೊನೆಗೆ ಕೈಯಲ್ಲಿ ಉಳಿದಿದ್ದು ಒಂದೇ ಒಂದು ದಾರ! ಅಷ್ಟುದ್ದ, ಎಲ್ಲೂ ಜೋಡಣೆ ಇಲ್ಲ.

ಈಗ ಮತ್ತೆ ಕಟ್ಟಲೇಬೇಕು ಅಂತ ಹಟ. ವಿಡಿಯೋ ನೋಡಿ ಅದರ ಹೆಸರು ಪಾನ್‌ಚಾಂಗ್ ಅಂತ ಗೊತ್ತಾಯಿತು. ಚಿಕ್ಕಪೇಟೆಯಿಂದ 2 ಮಿ.ಮೀ ಸ್ಯಾಟಿನ್ ದಾರ ತಂದೆ. ಥರ್ಮಾಕೋಲ್ ಮೇಲೆ ಗುಂಡುಪಿನ್ನು ಚುಚ್ಚಿಕೊಂಡು ಹೆಣೆಯೋವರೆಗೂ ಎಲ್ಲ ಸರಿ, ಥೇಟ್ ವಿಡಿಯೋದಲ್ಲಿ ಇರೋ ಹಾಗೇ ಕಾಣುತ್ತದೆ. ಪಿನ್ನು ತೆಗೆದು ಬಿಗಿ ಮಾಡೋಕೆ ಹೋದರೆ ಸಾಕು, ಸುತ್ತ ಹೊರಗೆ ಬರೋ ಕುಣಿಕೆಗಳಿಗೆ ಕಿವಿ ಅಂತಾರಲ್ಲ, ಅದರಲ್ಲಿ ಒಂದು ಕಿವಿ ಆನೆ ಕಿವಿ, ಇನ್ನೊಂದು ಇಲಿ ಕಿವಿ, ನಡುವೆ ಹೊಟ್ಟೆ ಸೊಟ್ಟ. ನಾಲ್ಕು ಸಲ ಆಯಿತು. ನಾಲ್ಕನೇದು ಹೇಗೋ ಚೆನ್ನಾಗಿ ಬಂತು ಅಂತ ಗೋಡೆಗೆ ಹಾಕಿದೆ, ಮೂರು ದಿನಕ್ಕೆ ತಾನಾಗೇ ಸಡಿಲ ಆಗಿ ಜೋತುಬಿತ್ತು. ದಾರದ್ದು ತಪ್ಪಾ, ನನ್ನ ಕೈದಾ?

ಗಂಟುಕಳ್ಳ:
ಮೇಡಂ, ಎರಡರದ್ದೂ. ಆದರೆ ನಿಮ್ಮ ಕೈದು ಸ್ವಲ್ಪ ಜಾಸ್ತಿ, ಬೇಜಾರು ಮಾಡ್ಕೋಬೇಡಿ.

ಹೆಣೆಯೋದು ಅಂದರೆ ಗಂಟು ಕಟ್ಟಿದ ಹಾಗಲ್ಲ. ಅದು ಬರೀ ದಾರಿ ಹಾಕಿದ ಹಾಗೆ. ನನಗೆ ಪಾನ್‌ಚಾಂಗ್ ಹೆಣೆಯೋಕೆ ಹತ್ತು ನಿಮಿಷ ಸಾಕು, ಬಿಗಿ ಮಾಡೋಕೆ ಮುಕ್ಕಾಲು ಗಂಟೆ. ಎಲ್ಲರೂ ಆತುರ ಪಡೋದು ಇಲ್ಲೇ. ನೀವು ಪಿನ್ನು ತೆಗೆದ ಕೂಡಲೇ ಕೆಳಗಿನ ಎರಡು ತುದಿ ಹಿಡಿದು ಎಳೆದಿರುತ್ತೀರಿ ಅಂತ ನನ್ನ ಅನುಮಾನ. ತುದಿ ಎಳೆದರೆ ಕೊನೆಯ ಎರಡು ಸುತ್ತು ಮಾತ್ರ ಬಿಗಿಯಾಗುತ್ತದೆ, ಉಳಿದ ಸಡಿಲ ಎಲ್ಲ ಒಳಗೇ ಸಿಕ್ಕಿಕೊಳ್ಳುತ್ತದೆ.

ಹೀಗೆ ಮಾಡಿ. ಪಿನ್ನು ತೆಗೆದ ಮೇಲೆ ತುದಿಗಳನ್ನು ಮುಟ್ಟಲೇಬೇಡಿ. ಸುತ್ತಲಿನ ಕಿವಿಗಳನ್ನೆಲ್ಲ ಎರಡು ಕೈಯಲ್ಲಿ ಹಂಚಿಕೊಂಡು ಹಿಡಿದು ಹೊರಗಡೆಗೆ ಮೆಲ್ಲಗೆ ಎಳೆಯಿರಿ, ಸ್ವಲ್ಪ ಎಡ-ಬಲ, ಸ್ವಲ್ಪ ಮೇಲೆ-ಕೆಳಗೆ. ನಡುವಿನ ಹೊಟ್ಟೆ ಮೊದಲು ಚೌಕಾಕಾರಕ್ಕೆ ಬರಬೇಕು. ಕಿವಿ ಆಗ ಎಷ್ಟು ಅಸಹ್ಯವಾಗಿ ಕಂಡರೂ ಪರವಾಗಿಲ್ಲ, ಹೊಟ್ಟೆ ಗಟ್ಟಿಯಾಗಲಿ. ಆಮೇಲೆ ಮೇಲಿನ ಕಿವಿಯಿಂದ, ಅಂದರೆ ದಾರದ ಸರಿ ಮಧ್ಯದಿಂದ, ಸಡಿಲವನ್ನು ಅಟ್ಟಿಸಿಕೊಂಡು ಹೋಗಬೇಕು. ಒಂದು ಎಳೆ ಎಳೆಯಿರಿ, ಅದು ಎಲ್ಲಿ ಹೊರಗೆ ಬರುತ್ತದೋ ನೋಡಿ, ಆ ಕಿವಿಯಿಂದ ಮುಂದಿನ ಎಳೆಗೆ ತಳ್ಳಿ. ಹೀಗೇ ಒಂದು ಕಡೆ ತುದಿವರೆಗೂ, ಮತ್ತೆ ಮಧ್ಯಕ್ಕೆ ಬಂದು ಇನ್ನೊಂದು ಕಡೆ. ಒಂದೇ ಸಲಕ್ಕೆ ಆಗಲ್ಲ. ಎರಡು ಮೂರು ಸುತ್ತು ಬೇಕು. ಎಳೆ ಎಲ್ಲೂ ತಿರುಚಿಕೊಳ್ಳದ ಹಾಗೆ ನೋಡಿಕೊಳ್ಳಿ, ಇಕ್ಕಳದಂಥ ಚಿಮಟ ಇದ್ದರೆ ತುಂಬಾ ಅನುಕೂಲ.

ಮತ್ತೆ ಒಂದು ಮಾತು. ಪಾನ್‌ಚಾಂಗ್‌ನಿಂದ ಶುರು ಮಾಡೋದು ಅಂದರೆ ಅ ಆ ಇ ಈ ಬಿಟ್ಟು ನೇರ ಷಟ್ಪದಿಗೆ ಕೈ ಹಾಕಿದ ಹಾಗೆ. ಮೊದಲು ಜೋಡಿ ನಾಣ್ಯದ ಗಂಟು ಕಲಿಯಿರಿ, ತೂತಿರುವ ಹಳೇ ಚೀನೀ ನಾಣ್ಯ ಎರಡು ಒಂದರ ಮೇಲೊಂದು ಬಿದ್ದ ಹಾಗೆ ಕಾಣುತ್ತದೆ, ಬಿಗಿ ಮಾಡೋ ತಾಪತ್ರಯ ಕಡಿಮೆ. ಆಮೇಲೆ ಗುಂಡಿ ಗಂಟು. ಚಿಯೊಂಗ್‌ಸಾಮ್ ಉಡುಪಿನ ಕತ್ತಿನ ಹತ್ತಿರ ಬಟ್ಟೆಯದ್ದೇ ಗುಂಡಿ ಇರುತ್ತಲ್ಲ, ಅದೇ ಇದು. ಎಷ್ಟು ಎಳೆದರೆ ಅಷ್ಟು ಗಟ್ಟಿ.

ಕುಚ್ಚುಮನೆ:
ನಾನು ಸೀರೆ ಕುಚ್ಚು ಹಾಕೋಳು, ಹದಿನಾಲ್ಕು ವರ್ಷದಿಂದ ಕೈಯಲ್ಲಿ ದಾರವೇ. ಚೀನೀ ಗಂಟು ಒಬ್ಬ ಗಿರಾಕಿ ಕೇಳಿದರು ಅಂತ ಕಲಿತೆ, ಅವರ ಸೆರಗಿಗೆ ಸಾಲಾಗಿ ಸಣ್ಣ ಗುಂಡಿ ಗಂಟು ಬೇಕಿತ್ತು.

ನಿಮ್ಮ ದಾರದ ವಿಷಯ ಹೇಳ್ತೀನಿ. ಸ್ಯಾಟಿನ್ ಅಂತ ಮಾರೋದರಲ್ಲಿ ಎರಡು ಥರ ಇದೆ. ಒಂದನ್ನು ಬೆರಳಲ್ಲಿ ಅದುಮಿದರೆ ಚಪ್ಪಟೆ ಆಗುತ್ತದೆ, ಒಳಗೆ ಏನೂ ಇರಲ್ಲ. ಇನ್ನೊಂದರಲ್ಲಿ ನಡುವೆ ತಿರುಳು ಇರುತ್ತದೆ, ಅದುಮಿದರೂ ದುಂಡಗೇ ಇರುತ್ತದೆ. ಎರಡನೇದು ತಗೊಳ್ಳಿ. ಚಪ್ಪಟೆ ಆಗೋದು ಅಂಗಡಿಯಲ್ಲಿ ಹೊಳೆಯುತ್ತದೆ, ಗಂಟಲ್ಲಿ ನಿಲ್ಲಲ್ಲ. ಚೀನಾದ ಗಂಟು ದಾರಕ್ಕೆ ನಂಬರ್ ಇರುತ್ತದೆ, 5ನೇ ನಂಬರ್ ಸುಮಾರು ಎರಡೂವರೆ ಮಿ.ಮೀ, ಹೊಸಬರಿಗೆ ಅದೇ ಹದ. ನಂಬರ್ ಹೆಚ್ಚಾದಷ್ಟೂ ದಾರ ಸಣ್ಣ, ತಿಳಿಯದೆ ನಾನು 7 ತರಿಸಿ ಕಣ್ಣು ಕಳೆದುಕೊಂಡೆ.

ಸಡಿಲ ಆಗಿದ್ದಕ್ಕೆ ಬೇರೆ ಕಾರಣವೂ ಇದೆ ಅಕ್ಕ. ಬಿಗಿ ಮಾಡಿ ಸುಮ್ನೆ ಬಿಟ್ಟಿದ್ದೀರಿ. ಗಂಟಿನ ಮೇಲೊಂದು ಕೆಳಗೊಂದು ಜೋಡಿ ಗಂಟು ಹಾಕಿ, ಎರಡು ಸಾದಾ ಗಂಟು ಒಂದರೊಳಗೊಂದು ಕೂತಿರುತ್ತದಲ್ಲ, ಅದು. ಅದು ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆಮೇಲೆ ಅದೇ ಬಣ್ಣದ ಹೊಲಿಗೆ ದಾರದಲ್ಲಿ, ಎಳೆ ಎಳೆ ಸೇರೋ ಕಡೆ ಹಿಂದಿನಿಂದ ಒಂದೊಂದೇ ಕಾಣದ ಹೊಲಿಗೆ. ನೀವು ಬಿಚ್ಚಿದ ಗಂಟಲ್ಲೂ ಇದ್ದಿರಬೇಕು, ಬಿಚ್ಚೋವಾಗ ಚೂರು ಚೂರು ದಾರ ಸಿಕ್ಕಿರಲಿಲ್ವಾ? ತುದಿಗೆ ಮಾತ್ರ ಲೈಟರ್ ತೋರಿಸಿ, ಒಂದೇ ಕ್ಷಣ, ಜಾಸ್ತಿ ಹಿಡಿದರೆ ಕೆಂಪು ದಾರ ಕಪ್ಪಾಗುತ್ತದೆ.

ಕಡಲಾಚೆ:
ಸಿಂಗಪುರದಿಂದ ಬರೀತಿದ್ದೀನಿ. ಇಲ್ಲಿ ಚೀನೀ ಹೊಸವರ್ಷಕ್ಕೆ ಬಾಗಿಲು ಬಾಗಿಲಿಗೂ ಇದೇ ಕೆಂಪು. ನಮ್ಮ ಪಕ್ಕದ ಮನೆ ಆಂಟಿ ಹಬ್ಬಕ್ಕೆ ತಿಂಗಳು ಇರೋವಾಗಲೇ ಕಟ್ಟೋಕೆ ಕೂರುತ್ತಾರೆ, ಟಿವಿ ನೋಡುತ್ತಾ, ದಾರದ ಕಡೆ ನೋಡದೆ! ನನಗೆ ಕಲಿಸೋವಾಗ ಅವರು ಮೊದಲು ಹೇಳಿದ್ದು ಎರಡು ತುದಿಗೆ ಬೇರೆ ಬೇರೆ ಕೆಲಸ ಅಂತ. ಒಂದು ತುದಿ ಮೊದಲು ನಿಂತ ಎಳೆಗಳನ್ನು ಹಾಕುತ್ತದೆ, ಆಮೇಲೆ ಅವುಗಳ ನಡುವೆ ಮೇಲೆ-ಕೆಳಗೆ ನುಗ್ಗಿ ಅಡ್ಡ ಎಳೆ. ಎರಡನೇ ತುದಿ ಎಲ್ಲದರ ಮೇಲೆ ಹೋಗಿ ಎಲ್ಲದರ ಕೆಳಗೆ ವಾಪಸ್ ಬರುತ್ತದೆ, ಕೊನೆಗೆ ಕ್ರೋಶಾ ಸೂಜಿ ಹಾಕಿ ಒಳಗಿಂದ ಎಳೆಯಬೇಕು. ಎರಡು ಬಣ್ಣದ ದಾರ ಮಧ್ಯಕ್ಕೆ ಹೊಲಿದು ಅಭ್ಯಾಸ ಮಾಡಿ, ಯಾವುದು ಯಾವ ಕೆಲಸ ಮಾಡಿತು ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಜಾ ವಿಷಯ. ಚೀನೀ ಭಾಷೆಯಲ್ಲಿ ಗಂಟಿಗೆ ಜ್ಯೆ ಅಂತಾರೆ, ಸಂಬಂಧ ಕೂಡಿಸೋ ಪದಗಳಲ್ಲೂ, ಮದುವೆ ಅನ್ನೋ ಪದದಲ್ಲೂ ಅದೇ ಅಕ್ಷರ. ನಾವು ಬ್ರಹ್ಮಗಂಟು ಅನ್ನಲ್ವಾ, ಹಾಗೆ. ಚೀನಾ ಯೂನಿಕಾಮ್ ಅನ್ನೋ ಮೊಬೈಲ್ ಕಂಪನಿಯ ಲೋಗೋ ನೋಡಿ, ನಿಮ್ಮ ಪಾನ್‌ಚಾಂಗ್ ಅಲ್ಲೇ ಕೂತಿದೆ.

ಸತ್ಯವಾನ್:
ಇದನ್ನ ಚೀನೀ ಅಂತ ಯಾಕೆ ಕರೀತೀರಿ? ಇದು ನಮ್ಮ ಶ್ರೀವತ್ಸ. ಬೈಲುಕುಪ್ಪೆಗೆ ಹೋಗಿ ನೋಡಿ, ಬಾಗಿಲ ಪರದೆ ಮೇಲೆಲ್ಲ ಇದೆ. ಇಲ್ಲಿಂದ ಹೋಗಿದ್ದು.

ಗಂಟುಕಳ್ಳ:
ಸತ್ಯವಾನ್ ಸರ್, ಅರ್ಧ ಸರಿ. ಬೈಲುಕುಪ್ಪೆ ಪರದೆ ಮೇಲಿರೋದು ಟಿಬೆಟಿಯನ್ನರ ಎಂಟು ಮಂಗಳ ಚಿಹ್ನೆಗಳಲ್ಲಿ ಒಂದಾದ ಕೊನೆಯಿಲ್ಲದ ಗಂಟು, ಬೌದ್ಧ ಧರ್ಮದ ಜೊತೆ ಆ ಚಿಹ್ನೆ ಚೀನಾಕ್ಕೂ ಹೋಯಿತು. ಆದರೆ ಪರದೆ ಮೇಲೆ ಅದು ಚಿತ್ರ. ಅದನ್ನ ಒಂದೇ ದಾರದಲ್ಲಿ, ಹಿಂದೆ ಮುಂದೆ ಒಂದೇ ಥರ ಕಾಣೋ ಹಾಗೆ, ಕೈಗೆ ಸಿಗೋ ಗಂಟಾಗಿ ಕಟ್ಟಿದ್ದು ಚೀನೀಯರ ಕೈಚಳಕ. ಚಿಂಗ್ ಅರಸರ ಕಾಲದಲ್ಲಿ ಬೀಸಣಿಗೆ, ಚೀಲ, ಸೊಂಟದ ಪದಕ ಎಲ್ಲಕ್ಕೂ ಇಂಥ ಗಂಟು ಕಟ್ಟುತ್ತಿದ್ದರು. ಆಮೇಲೆ ಬಹುಪಾಲು ಮರೆತೇ ಹೋಗಿತ್ತು. 1970ರ ದಶಕದಲ್ಲಿ ತೈವಾನ್‌ನಲ್ಲಿ ಮತ್ತೆ ಜೀವ ಬಂತು, ಅಲ್ಲಿನ ಲಿಡಿಯಾ ಚೆನ್ ಹಳೇ ಗಂಟುಗಳನ್ನು ಹುಡುಕಿ 11 ಮೂಲ ಗಂಟುಗಳಾಗಿ ವಿಂಗಡಿಸಿದರು. ಇವತ್ತು ನಾವು ನೋಡೋ ವಿಡಿಯೋಗಳಲ್ಲಿ ಬಹಳಷ್ಟು ಅದೇ ಪಾಠದ ಮಕ್ಕಳು, ಮೊಮ್ಮಕ್ಕಳು. ಜಗಳ ಬೇಡ, ದಾರ ತಗೊಂಡು ಬನ್ನಿ.

ಹಸಿರುಬಳೆ:
ಎಲ್ಲರಿಗೂ ಥ್ಯಾಂಕ್ಸ್. ಕುಚ್ಚುಮನೆ ಅಕ್ಕ, ಹೌದು, ಚೂರು ದಾರ ಸಿಕ್ಕಿತ್ತು! ಕಸ ಅಂತ ಗುಡಿಸಿ ಹಾಕಿದ್ದೆ. ಅಂಗಡಿಗೆ ಹೋಗಿ ನಾಲ್ಕು ರೀಲು ಅದುಮಿ ನೋಡಿದೆ, ಅಂಗಡಿಯವರು ದುರುಗುಟ್ಟಿದರು, ತಿರುಳಿರೋದು ಒಂದು ಸಿಕ್ಕಿತು. ಕೆಂಪು ಇರಲಿಲ್ಲ, ಮರೂನ್ ತಂದೆ.

ನಿನ್ನೆ ರಾತ್ರಿ ತುದಿ ಮುಟ್ಟದೆ ಬಿಗಿ ಮಾಡಿದೆ. ಮೊದಲ ಸುತ್ತಿನಲ್ಲಿ ಒಂದು ಕಿವಿ ಅಂಗೈ ಅಗಲ ಆಗಿ ಭಯ ಆಯಿತು, ಆಮೇಲೆ ಅದನ್ನೇ ಅಟ್ಟಿಸಿಕೊಂಡು ಹೋದರೆ ನಿಜವಾಗಲೂ ಮುಂದಕ್ಕೆ ಸರಿಯಿತು. ಒಂದೂವರೆ ಗಂಟೆ ಹಿಡಿಯಿತು. ಹೊಟ್ಟೆ ಚೌಕಾಕಾರ ಬಂದಿದೆ, ಎಡಗಿವಿ ಇನ್ನೂ ಒಂದು ಚೂರು ದೊಡ್ಡದು. ಕುಚ್ಚಿಗೆ ಮಾತ್ರ ಏನು ದಾರ ಹಾಕಲಿ ಅಕ್ಕ, ಇದೇ ಸ್ಯಾಟಿನ್ ಬಿಡಿಸಲಾ?

ಕುಚ್ಚುಮನೆ:
ಬೇಡ, ಗುಂಗುರು ಕೂದಲ ಥರ ಕೆದರುತ್ತದೆ. ನಮ್ಮ ಸೀರೆ ಕುಚ್ಚಿನ ರೇಷ್ಮೆ ದಾರವೇ ಹಾಕಿ, ಮರೂನ್ ಎಲ್ಲ ಕಡೆ ಸಿಗುತ್ತದೆ. ನೂರು ಎಳೆ ತಗೊಂಡು ನಡುವೆ ಕಟ್ಟಿ ಮಡಚಿ. ಕತ್ತರಿಸೋ ಮುಂಚೆ ಕುದಿಯೋ ನೀರಿನ ಹಬೆ ತೋರಿಸಿ ಕೈಯಿಂದ ನೇವರಿಸಿ, ನೇರ ಬೀಳುತ್ತದೆ. ಆಮೇಲೆ ತುದಿ ಕತ್ತರಿಸಿ. ಎಡಗಿವಿ ಹಾಗೇ ಇರಲಿ, ಕಾರಲ್ಲಿ ಯಾರೂ ಅಳತೆ ಹಿಡಿಯಲ್ಲ.