ಸಹಾಯ ಬೇಕು: ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಗಾಡಿ) ಬೇಸಿಗೆಗೆ ಎತ್ತಿಡೋದು ಹೆಂಗೆ?

ಮಿನೆಸೋಟ ಕಡೆ ಇರೋ ನಮ್ಮ ಕನ್ನಡದವ್ರು ಯಾರಾದ್ರೂ ಸ್ನೋಮೊಬೈಲ್ ಇಟ್ಕೊಂಡಿದ್ರೆ ಸ್ವಲ್ಪ ಹೇಳಿ ಪ್ಲೀಸ್. ನಮ್ದು ಹಳೇ ಟೂ ಸ್ಟ್ರೋಕ್, ಕಾರ್ಬುರೇಟರ್ ಇರೋದು, ಹಿಮ ಎಲ್ಲ ಕರಗೋಯ್ತು, ಇನ್ನು ಚಳಿಗಾಲ ಬರೋ ತನಕ ಗ್ಯಾರೇಜಲ್ಲೇ. ಟ್ಯಾಂಕ್ ಫುಲ್ ಮಾಡಿ, ಪೆಟ್ರೋಲ್ ಕೆಡದಂಗೆ ಸ್ಟೆಬಿಲೈಸರ್ ಹಾಕಿ ಸ್ವಲ್ಪ ಹೊತ್ತು ಇಂಜಿನ್ ಓಡ್ಸಿದೀನಿ, ಇಲಿ ನುಗ್ಗದಂಗೆ ಸೈಲೆನ್ಸರ್ ಬಾಯಿಗೆ ತುರುಕೋಕೆ ಸ್ಟೀಲ್ ವೂಲೂ ತಂದಿಟ್ಟಿದೀನಿ (ಈ ಇಲಿಗಳಿಗೆ ಸೀಟಿನ ಫೋಮ್ ಅಂದ್ರೆ ಪ್ರಾಣ). ಸಿಕ್ಕಾಕ್ಕೊಂಡಿರೋದು ಕಾರ್ಬುರೇಟರ್ ಹತ್ರ. ಸ್ಟೆಬಿಲೈಸರ್ ಇದ್ರೆ ಸಾಕು ಅಂತ ಒಬ್ರು, ಎಥನಾಲ್ ಬೆರೆಸಿದ ಪೆಟ್ರೋಲ್ ಬೌಲಲ್ಲಿ (ಕಾರ್ಬುರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ನಿಂತು ಅಂಟಾಗಿ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಕೊಳತ್ತೆ, ಖಾಲಿ ಮಾಡ್ಲೇಬೇಕು ಅಂತ ಇನ್ನೊಬ್ರು. ಆದ್ರೆ ಬೌಲ್ ಖಾಲಿ ಮಾಡಿದ್ರೆ ಇಂಜಿನ್ ಓಡಲ್ಲ, ಫಾಗಿಂಗ್ ಆಯಿಲ್ (ಒಳಗೆ ತುಕ್ಕು ಹಿಡೀದಂಗೆ ಹೊಡೆಯೋ ಎಣ್ಣೆ) ಇಂಜಿನ್ ಓಡ್ತಿರುವಾಗ್ಲೇ ಹೊಡೀಬೇಕಂತೆ. ಹಂಗಾದ್ರೆ ಮೊದ್ಲು ಫಾಗಿಂಗ್ ಮುಗ್ಸಿ ಆಮೇಲೆ ಬೌಲ್ ಖಾಲಿ ಮಾಡ್ಲಾ, ಇಲ್ಲಾ ಬೌಲ್ ಖಾಲಿ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಲ್ಲಿ ಆಯಿಲ್ ಹೊಡೆದ್ರೆ ಸಾಕಾ?