ಮೇಲಿನ ರೂಮಿನ ವಿದೇಶಿ ಹುಡುಗನಿಗೆ ಪೋಸ್ಟಾಫೀಸಿನಲ್ಲಿ ಏನೇನು ಸಿಗುತ್ತದೆ?

ಪ್ರಶ್ನೆ (ಮನೆ ಮಾಲೀಕರು, ಕಲಬುರಗಿ): ನಮಸ್ಕಾರ ಸಾಹೇಬರೇ. ನಮ್ಮ ಮಾಳಿಗೆ ಮೇಲಿನ ರೂಮಿನಲ್ಲಿ ತಾಂಜಾನಿಯಾದ ಹುಡುಗನೊಬ್ಬ ಬಾಡಿಗೆಗೆ ಇದ್ದಾನೆ, ಇಲ್ಲೇ ಕಾಲೇಜಿಗೆ ಹೋಗುತ್ತಾನೆ. ಅವರಮ್ಮ ಊರಿಂದ ಪಾರ್ಸೆಲ್ ಕಳಿಸುತ್ತಾರಂತೆ. ಅಡ್ರೆಸ್ ಹೇಗೆ ಬರೆಸಬೇಕು? ಅವನು ಕಾಲೇಜಿಗೆ ಹೋದಾಗ ಬಂದರೆ ನಮ್ಮ ಕೈಗೆ ಕೊಡುತ್ತಾರಾ? ಪೋಸ್ಟಾಫೀಸಿನಲ್ಲಿ ಒಂದು ಖಾತೆ ಮಾಡಿಸಿಕೊಡಿ ಅಂತಲೂ ಗಂಟುಬಿದ್ದಿದ್ದಾನೆ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ (ನಿವೃತ್ತ ಪೋಸ್ಟ್‌ಮಾಸ್ಟರ್): ನಮಸ್ಕಾರ ಅಣ್ಣಾರೆ. ಪೋಸ್ಟಾಫೀಸಿನಲ್ಲಿ ಎರಡು ಥರದ ಕೆಲಸ ನಡೆಯುತ್ತದೆ. ಒಂದು ಟಪಾಲು, ಇನ್ನೊಂದು ದುಡ್ಡಿನ ವ್ಯವಹಾರ. ಟಪಾಲಿಗೆ ಯಾವ ದೇಶದವರು ಅಂತ ಯಾರೂ ಕೇಳುವುದಿಲ್ಲ, ಅಡ್ರೆಸ್ ಸರಿ ಇದ್ದರೆ ಆಯಿತು. ಉಳಿತಾಯ ಖಾತೆ ಮಾತ್ರ ಇಲ್ಲಿ ನೆಲೆಸಿದ ಭಾರತೀಯರಿಗೆ. ಆ ಹುಡುಗನನ್ನು ಕರೆದುಕೊಂಡು ಸುಮ್ನೆ ಕೌಂಟರಿನಲ್ಲಿ ನಿಲ್ಲಬೇಡಿ, ಹಾಗೇ ವಾಪಸ್ ಕಳಿಸುತ್ತಾರೆ.

ಮೊದಲು ಅಡ್ರೆಸ್. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಲಿ. ನೀವೆಲ್ಲ ಕರೆಯುವ ಅಡ್ಡಹೆಸರು ಬೇಡ. ಅದರ ಕೆಳಗೆ ‘ಕೇರ್ ಆಫ್’ ಹಾಕಿ ನಿಮ್ಮ ಹೆಸರು. ಪೋಸ್ಟ್‌ಮನ್‌ಗೆ ಗೊತ್ತಿರುವುದು ನಿಮ್ಮ ಹೆಸರೇ ಅಲ್ವಾ? ಆಮೇಲೆ ಮನೆ ನಂಬರು, ಕಾಲೋನಿ, ಒಂದು ಗುರುತು. ಗುರುತು ಅಂದರೆ ‘ಶರಣಬಸವೇಶ್ವರ ಗುಡಿ ಹತ್ತಿರ’ ಅಂತ ಬರೆಯುವವರೇ ಜಾಸ್ತಿ. ಅರ್ಧ ಊರು ಆ ಗುಡಿಯ ಹತ್ತಿರವೇ ಇದೆ! ನಿಮ್ಮ ಓಣಿಯ ಕಿರಾಣಿ ಅಂಗಡಿಯನ್ನೋ ಶಾಲೆಯನ್ನೋ ಬರೆಸಿ. ಊರು, ರಾಜ್ಯ, ಕೊನೆಗೆ ದೊಡ್ಡ ಅಕ್ಷರದಲ್ಲಿ ಇಂಡಿಯಾ. ಎಲ್ಲವೂ ಇಂಗ್ಲಿಷಿನಲ್ಲಿ, ಜೊತೆಗೆ ಇಲ್ಲಿಯ ಮೊಬೈಲ್ ನಂಬರು. ಊರಿನ ಹೆಸರು 2014ರ ನವೆಂಬರಿನಲ್ಲೇ ಬದಲಾದರೂ ಹೊರದೇಶದ ಎಷ್ಟೋ ಕಂಪ್ಯೂಟರುಗಳಲ್ಲಿ ಇನ್ನೂ ಗುಲ್ಬರ್ಗ ಅಂತಲೇ ಇದೆ. ಅದರಿಂದ ತೊಂದರೆ ಇಲ್ಲ, ಪಿನ್ ಸರಿ ಇದ್ದರೆ ಸಾಕು.

ಪಿನ್‌ನಲ್ಲೇ ಬಹಳ ಜನ ಎಡವುವುದು. 585 ಅನ್ನುವುದು ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಒಂದೇ. ಕೊನೆಯ ಮೂರು ಅಂಕಿಯೇ ದಾರಿ ತೋರಿಸುವುದು. 585101 ಕಲಬುರಗಿಯ ಪ್ರಧಾನ ಅಂಚೆ ಕಚೇರಿ, 585401 ಬೀದರಿನದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 585367. ಅಲ್ಲಿನ ಹಾಸ್ಟೆಲಿನವರು ‘ಕಲಬುರಗಿ’ ಅಂತ ಓದಿ 585101 ಹಾಕಿಬಿಟ್ಟರೆ ಪಾರ್ಸೆಲ್ ಮೊದಲು ಪಟ್ಟಣಕ್ಕೆ ಬಂದು, ಆಮೇಲೆ ಆಳಂದ ರಸ್ತೆ ಹಿಡಿಯಬೇಕಾಗುತ್ತದೆ.

ನಿಮ್ಮ ಕೈಗೆ ಕೊಡುವ ವಿಷಯ: ಸಾದಾ ಕಾಗದವಾದರೆ ಅಡ್ರೆಸ್‌ಗೆ ಹಾಕಿ ಹೋಗುತ್ತಾರೆ. ಸಹಿ ಬೇಕಾದದ್ದು ಅವನ ಕೈಗೇ, ಇಲ್ಲವೇ ಅವನು ಬರೆದುಕೊಟ್ಟವರ ಕೈಗೆ. ‘ನನ್ನ ಟಪಾಲನ್ನು ಇವರು ತೆಗೆದುಕೊಳ್ಳಬಹುದು’ ಅಂತ ಒಂದು ಚೀಟಿ ಬರೆಸಿ, ಅವನ ಪಾಸ್‌ಪೋರ್ಟಿನ ಜೆರಾಕ್ಸ್ ಸೇರಿಸಿ ನಿಮ್ಮ ಏರಿಯಾದ ಅಂಚೆ ಕಚೇರಿಗೆ ಕೊಟ್ಟಿಡಿ. ಬಾಗಿಲು ಹಾಕಿದ್ದರೆ ಪೋಸ್ಟ್‌ಮನ್ ಚೀಟಿ ಬಿಟ್ಟು ಹೋಗುತ್ತಾರೆ. ಅದನ್ನು ಟಿವಿ ಮೇಲೆ ಇಟ್ಟು ಮರೆಯಬೇಡಿ. ಕೆಲವೇ ದಿನ ಕಾದು, ಬಂದ ಊರಿಗೇ ತಿರುಗಿ ಕಳಿಸುತ್ತಾರೆ.

ಪ್ರಶ್ನೆ (ಅದೇ ಮಾಲೀಕರು): ಕೇರ್ ಆಫ್ ಗೊತ್ತಿರಲಿಲ್ಲ ಸಾಹೇಬರೇ. ಇನ್ನೊಂದು. ಅವರಮ್ಮ ‘ಗಿಫ್ಟ್’ ಅಂತ ಬರೆದರೆ ಟ್ಯಾಕ್ಸ್ ಬೀಳಲ್ಲ ಅಂತ ಹುಡುಗ ಹೇಳುತ್ತಾನೆ. ಹೌದಾ?

ಉತ್ತರ: ಅದು ಹಳೆಯ ಮಾತು. 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರದ ನಿಯಮ ಬದಲಾಯಿತು. ಅಂಚೆ ಅಥವಾ ಕೊರಿಯರ್ ಮೂಲಕ ಗಿಫ್ಟ್ ಅಂತ ಸುಂಕವಿಲ್ಲದೆ ತರಿಸುವುದು ನಿಂತಿತು. ಜೀವ ಉಳಿಸುವ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ. ರಾಖಿ ಅಂದರೆ ಬರೀ ರಾಖಿ, ಜೊತೆಗೆ ಕಳಿಸುವ ಉಡುಗೊರೆ ಅಲ್ಲ! ಉಳಿದದ್ದಕ್ಕೆ ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬಹುದು. ಹಾಗಾಗಿ ಅವರಮ್ಮ ಹೊಸ ಮೊಬೈಲು, ವಾಚು ಕಳಿಸದಿದ್ದರೇ ಒಳ್ಳೆಯದು.

ಪಾರ್ಸೆಲ್ ಮೇಲೆ ಒಂದು ಕಸ್ಟಮ್ಸ್ ಫಾರ್ಮ್ ಅಂಟಿಸಿರುತ್ತಾರೆ. ಅದರಲ್ಲಿ ಒಳಗೆ ಏನಿದೆ, ಎಷ್ಟಿದೆ, ಬೆಲೆ ಏನು ಅಂತ ಒಂದೊಂದಾಗಿ ಬರೆಯಬೇಕು. ‘ಪರ್ಸನಲ್ ಐಟಮ್ಸ್’ ಅಂತ ಒಂದೇ ಸಾಲು ಗೀಚಿದರೆ ಕಸ್ಟಮ್ಸ್‌ನವರಿಗೆ ಅನುಮಾನ ಬಂದೇ ಬರುತ್ತದೆ. ‘ಹತ್ತಿ ಶರ್ಟ್ 2, ಪುಸ್ತಕ 3’ ಅಂತ ಬರೆದರೆ ಬೇಗ ದಾಟುತ್ತದೆ. ಬೆಲೆಯ ಜಾಗದಲ್ಲಿ ಸೊನ್ನೆ ಬೇಡ. ತೆರೆದು ನೋಡುವುದು, ಸುಂಕ ಹಾಕುವುದು ಕಸ್ಟಮ್ಸ್‌ನವರು. ನಮ್ಮ ಪೋಸ್ಟ್‌ಮನ್ ಅದನ್ನು ವಸೂಲು ಮಾಡಿ ರಸೀದಿ ಕೊಡುತ್ತಾರೆ, ಅಷ್ಟೇ. ಅವರ ಜೊತೆ ಚೌಕಾಸಿ ಮಾಡಿ ಉಪಯೋಗವಿಲ್ಲ.

ಪಾರ್ಸೆಲ್ ಎಲ್ಲಿದೆ ಅಂತ ನೋಡಲು ಅವರಮ್ಮನಿಂದ ಅದರ ನಂಬರು ತೆಗೆದುಕೊಂಡಿರಲಿ. 2 ಅಕ್ಷರ, 9 ಅಂಕಿ, ಮತ್ತೆ 2 ಅಕ್ಷರ ಇರುತ್ತದೆ. ಕೊನೆಯ 2 ಅಕ್ಷರ ಹೊರಟ ದೇಶದ್ದು. ತಾಂಜಾನಿಯಾದಿಂದ ಬಂದರೆ ಟಿ ಝಡ್, ನಮ್ಮಲ್ಲಿಂದ ಹೋದರೆ ಐ ಎನ್. ‘ನಿಮ್ಮ ಪಾರ್ಸೆಲ್ ನಿಂತಿದೆ, ಈ ಲಿಂಕ್‌ನಲ್ಲಿ ಅಡ್ರೆಸ್ ಸರಿಮಾಡಿ, 25 ರೂಪಾಯಿ ಕಟ್ಟಿ’ ಅಂತ ಮೆಸೇಜ್ ಬಂದರೆ ಅದು ಶುದ್ಧ ಮೋಸ. ಊರಿಗೆ ಹೊಸಬರು ಇದಕ್ಕೆ ಬೇಗ ಸಿಗುತ್ತಾರೆ. ಹುಡುಗನಿಗೆ ಇವತ್ತೇ ಹೇಳಿಬಿಡಿ.

ಖಾತೆಗೆ ಬ್ಯಾಂಕಿಗೆ ಹೋಗಲಿ. ವಿದೇಶಿ ವಿದ್ಯಾರ್ಥಿಗಳಿಗೆ ಪಾಸ್‌ಪೋರ್ಟ್, ವೀಸಾ, ಕಾಲೇಜಿನ ಪತ್ರದ ಮೇಲೆ ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳಿಗೆ ಕೊಡುವ ರೂಪಾಯಿ ಖಾತೆ, ತೆರೆಯುತ್ತಾರೆ. ಇಲ್ಲಿಯ ವಿಳಾಸದ ಪುರಾವೆ ಕೊಡಲು 30 ದಿನ ಅವಕಾಶ ಇದೆ. ಅಲ್ಲಿಯವರೆಗೆ ಹೊರಗಿನಿಂದ 1000 ಡಾಲರ್‌ಗಿಂತ ಜಾಸ್ತಿ ಬರುವಂತಿಲ್ಲ, ತಿಂಗಳಿಗೆ 50,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ. ವಿಳಾಸದ ಪುರಾವೆಗೆ ನಿಮ್ಮ ಬಾಡಿಗೆ ಕರಾರುಪತ್ರ ಬೇಕಾಗುತ್ತದೆ. ಬಾಯಿಮಾತಿನ ಬಾಡಿಗೆಯಾಗಿದ್ದರೆ ಈಗಲೇ ಸ್ಟಾಂಪ್ ಪೇಪರ್ ಮೇಲೆ ಬರೆಸಿ. ವಿದೇಶಿಯರನ್ನು ಇಟ್ಟುಕೊಂಡಿರುವ ಬಗ್ಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸುವುದು ಮನೆ ಮಾಲೀಕರ ಜವಾಬ್ದಾರಿ. ನಾವು ಸಿ ಫಾರ್ಮ್ ಅಂತ ಕರೆಯುತ್ತಿದ್ದೆವು. ಬಂದ 24 ಗಂಟೆಯೊಳಗೆ ಮಾಡಬೇಕಾದ ಕೆಲಸ ಅದು. ಮಾಡಿದ್ದೀರಿ ತಾನೇ?

ಪ್ರಶ್ನೆ (ಬಿದರಿ ಅಂಗಡಿಯವರು, ಬೀದರ್): ಸರ್, ಇಲ್ಲಿ ಅಧ್ಯಯನಕ್ಕೆ ಅಂತ ಬಂದಿರುವ ಜರ್ಮನಿಯ ಅಮ್ಮ ಒಬ್ಬರು ನಮ್ಮಲ್ಲಿ ಒಂದು ಹೂದಾನಿ ತೆಗೆದುಕೊಂಡರು. ಪೋಸ್ಟಿನಲ್ಲೇ ಮನೆಗೆ ಕಳಿಸಬೇಕಂತೆ. ಯಾರ ಹೆಸರಲ್ಲಿ ಕಳಿಸುವುದು?

ಉತ್ತರ: ಅವರ ಹೆಸರಲ್ಲೇ ಕಳಿಸಲಿ, ಅವರು ಕೊಂಡ ವಸ್ತು. ಪಾಸ್‌ಪೋರ್ಟ್ ಮತ್ತು ಅದರ ಜೆರಾಕ್ಸ್, ನಿಮ್ಮ ಅಂಗಡಿಯ ಬಿಲ್ಲು ಜೊತೆಗಿರಲಿ. ಡಬ್ಬಿಯನ್ನು ಮನೆಯಲ್ಲೇ ಟೇಪ್ ಸುತ್ತಿ ತರಬೇಡಿ, ಕೌಂಟರಿನಲ್ಲಿ ತೋರಿಸಿ ಆಮೇಲೆ ಮುಚ್ಚಿ. ಬೇಗ ಬೇಕಾದರೆ ಇಎಂಎಸ್ ಸ್ಪೀಡ್ ಪೋಸ್ಟ್, ಇಲ್ಲದಿದ್ದರೆ ಏರ್ ಪಾರ್ಸೆಲ್. ಬಿದರಿ ಅಂದರೆ ಸತುವಿನ ಸಾಮಾನು, ಗಾತ್ರ ನೋಡಿ ತೂಕ ಅಂದಾಜು ಮಾಡಬೇಡಿ. ಮೊದಲು ಅಂಗಡಿಯಲ್ಲೇ ತೂಗಿ.

ಫಾರ್ಮ್‌ನಲ್ಲಿ ‘ಹೊಸ ಕರಕುಶಲ ವಸ್ತು, ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿ ಕುಸುರಿ’ ಅಂತ ಬರೆಸಿ. ಹೊಸದು ಅನ್ನುವುದು ಮುಖ್ಯ. 100 ವರ್ಷ ದಾಟಿದ ಕಲಾವಸ್ತುವನ್ನು 1972ರ ಕಾಯ್ದೆ ಪ್ರಕಾರ ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬಿದರಿಯ ಕಪ್ಪು ಬಣ್ಣ ನೋಡಿದವರಿಗೆ ಹೊಸದೂ ಹಳೆಯದರ ಹಾಗೆ ಕಾಣುತ್ತದೆ. ಬಿಲ್ಲಿನಲ್ಲಿ ತಯಾರಾದ ವರ್ಷ ಹಾಕಿಕೊಟ್ಟರೆ ನಿಮಗೂ ಅವರಿಗೂ ನಿಶ್ಚಿಂತೆ. ಆ ಕಡೆ ಸುಂಕ ಬಿದ್ದರೆ ಅಲ್ಲಿ ಬಿಡಿಸಿಕೊಳ್ಳುವವರೇ ಕಟ್ಟಬೇಕು, ಮೊದಲೇ ಹೇಳಿಬಿಡಿ.

ಪ್ರಶ್ನೆ (ವಿದ್ಯಾರ್ಥಿನಿ, ಕಡಗಂಚಿ): ಸರ್, ನನ್ನ ಗೆಳತಿ ನೇಪಾಳದವಳು. ಪೋಸ್ಟಾಫೀಸಿನಲ್ಲಿ ಆಧಾರ್ ಮಾಡುತ್ತಾರಲ್ಲ, ಅವಳಿಗೂ ಆಗುತ್ತದಾ?

ಉತ್ತರ: ಆಗುತ್ತದೆ ತಂಗಿ, ಆದರೆ ಅರ್ಜಿ ಹಾಕುವ ಹಿಂದಿನ 12 ತಿಂಗಳಲ್ಲಿ 182 ದಿನವಾದರೂ ಭಾರತದಲ್ಲಿ ಇದ್ದಿರಬೇಕು. ನೇಪಾಳ, ಭೂತಾನದವರಿಗೆ ಕೊಡುವ ಆಧಾರ್ 10 ವರ್ಷ ನಡೆಯುತ್ತದೆ. ಬೇರೆ ದೇಶದವರದು ವೀಸಾ ಇರುವಷ್ಟು ದಿನ. ವಿದೇಶಿಯರ ನೋಂದಣಿ ಎಲ್ಲ ಕೌಂಟರಿನಲ್ಲೂ ಮಾಡುವುದಿಲ್ಲ. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಕೇಳಿ. ಆಧಾರ್ ಕೈಗೆ ಬಂದ ಮೇಲೂ ಉಳಿತಾಯ ಖಾತೆ ಸಿಗುವುದಿಲ್ಲ, ಅದು ಪೌರತ್ವದ ಪುರಾವೆ ಅಲ್ಲ.

ಪ್ರಶ್ನೆ (ಯಾದಗಿರಿ): ಸರ್, ನನ್ನದು ಉಲ್ಟಾ. ಮಗ ದುಬೈಯಲ್ಲಿದ್ದಾನೆ. ಹೋಗುವ ಮೊದಲು ಪೋಸ್ಟಾಫೀಸಿನಲ್ಲಿ ಪಿಪಿಎಫ್ (ಬಹಳ ವರ್ಷದ ಉಳಿತಾಯದ ಖಾತೆ) ಮಾಡಿಸಿದ್ದ. ಮುಚ್ಚಬೇಕಾ?

ಉತ್ತರ: ಈಗಲೇ ಮುಚ್ಚಬೇಕಾಗಿಲ್ಲ. ಇಲ್ಲಿದ್ದಾಗ ತೆರೆದದ್ದನ್ನು 15 ವರ್ಷದ ಅವಧಿ ಮುಗಿಯುವವರೆಗೆ ನಡೆಸಬಹುದು. ಆಮೇಲೆ ಮುಂದುವರಿಸಲು ಬರುವುದಿಲ್ಲ, ಹೊಸದನ್ನು ತೆರೆಯಲೂ ಬರುವುದಿಲ್ಲ. ಎನ್‌ಆರ್‌ಐ, ಅಂದರೆ ಅನಿವಾಸಿ ಭಾರತೀಯ, ಆಗಿದ್ದಾನೆ ಅಂತ ಬರೆದುಕೊಡುವುದು ಮಾತ್ರ ತಪ್ಪಿಸಬೇಡಿ.

ಮಾಲೀಕರು: ಸಿ ಫಾರ್ಮ್ ಮಾಡಿರಲಿಲ್ಲ ಸಾಹೇಬರೇ. ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೇಳಿದರೆ ಆಗುತ್ತದಾ?

ಉತ್ತರ: ಎಸ್‌ಪಿ ಅಥವಾ ಕಮಿಷನರ್ ಕಚೇರಿಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವವರು ಇರುತ್ತಾರೆ, ಅವರನ್ನೇ ಕೇಳಿ. ಹುಡುಗನನ್ನು ಕರೆದೊಯ್ಯಿರಿ, ಅವನ ಪಾಸ್‌ಪೋರ್ಟನ್ನೂ ಕರಾರುಪತ್ರವನ್ನೂ ತೆಗೆದುಕೊಂಡು ಹೋಗಿ. ನಾಳೆಗೆ ಬಿಡಬೇಡಿ, ಇವತ್ತೇ ಹೋಗಿ.