ಸಹಾಯ ಬೇಕು: ಮೈಕ್ರೋಲಾಕ್ಸ್ (ತೀರಾ ತೆಳುವಾದ ಜಟೆಗಳು) ಬುಡ ಬಿಗಿಯುವವರು ಬೆಂಗಳೂರಿನಲ್ಲಿ ಇದ್ದಾರೆಯೇ?

ನಮಸ್ಕಾರ. ಬಿಗಿ ಗುಂಗುರು ಕೂದಲು, ಸುಮಾರು 400 ಲಾಕ್ಸ್, ಶುರುವಾಗಿ ಮೂರು ತಿಂಗಳು. 5–6 ವಾರಕ್ಕೊಮ್ಮೆ ಹೊಸದಾಗಿ ಬೆಳೆದ ಕೂದಲನ್ನು ಲಾಕಿಗೆ ಸೇರಿಸಿ ಬುಡ ಬಿಗಿಯುವವರು ಬೇಕು. ಬರೀ ಕೈಯಲ್ಲಿ ಹೊಸೆಯುವವರು ಬೇಡ. ಇಷ್ಟು ತೆಳು ಎಳೆ ತಲೆಸ್ನಾನಕ್ಕೇ ಬಿಚ್ಚಿಕೊಳ್ಳುತ್ತದೆ. ಇಂಟರ್‌ಲಾಕಿಂಗ್ ಸೂಜಿಗೆ ಲಾಕಿನ ತುದಿ ಪೋಣಿಸಿ ಬುಡದೊಳಗೆ ಬಲ, ಎಡ, ಕೆಳಗೆ, ಮೇಲೆ ಎಂದು ಸರದಿ ತಪ್ಪದೆ ತೂರಿಸಲು ಬರಬೇಕು. ಒಂದೇ ದಿಕ್ಕಿನಿಂದ ಎಳೆದರೆ ಬುಡ ಸೀಳಿ ತೂತಾಗುತ್ತದೆ. ನೆತ್ತಿಗೆ ತಾಗುವಷ್ಟು ಬಿಗಿದರೂ ಅಪಾಯ, ಕಿವಿಯ ಮೇಲಿನ ಕೂದಲು ಮೊದಲು ಉದುರುತ್ತದೆ.

ಇನ್ನೊಂದು ಮಾತು: ತೊಳೆಯುವ ಮುನ್ನ ಹತ್ತಿಪ್ಪತ್ತು ಲಾಕ್ಸ್ ಸೇರಿಸಿ ಸಡಿಲ ಜಡೆ ಹೆಣೆದು, ತುದಿಗೆ ರಬ್ಬರ್ ಬ್ಯಾಂಡ್ ಹಾಕಿದರೂ ನಡುವೆ ಗಂಟು ಕಟ್ಟುತ್ತಿದೆ. ಕಂಡೀಷನರ್, ಎಣ್ಣೆ ಎರಡೂ ಬಳಸುತ್ತಿಲ್ಲ. ಬೋರ್‌ವೆಲ್ ಗಡಸು ನೀರಿಗೆ ಬಿಳಿ ಪದರ ಉಳಿಸದ ಶಾಂಪೂ ಯಾವುದು? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.